ಚಂದ್ರವಳ್ಳಿಯ ಸೀಸದ ನಾಣ್ಯಗಳು

ಚಿತ್ರದುರ್ಗ ಕೋಟೆಯ ಪಶ್ಚಿಮಕ್ಕೆ, ಚೋಳಗುಡ್ಡ ಮತ್ತು ಕಿರುಬನಕಲ್ಲು ಬೆಟ್ಟಗಳ ನಡುವೆ ಚಂದ್ರವಳ್ಳಿ ಕಣಿವೆ ಇದೆ. ಪಾಳೆಯಗಾರರ ಕಾಲಕ್ಕೂ ಸಾವಿರ ವರ್ಷಕ್ಕಿಂತ ಹಿಂದೆ ಇಲ್ಲೊಂದು ಪಟ್ಟಣವಿತ್ತು. 1909ರಲ್ಲಿ ಆರ್. ನರಸಿಂಹಾಚಾರ್, 1929ರಲ್ಲಿ ಎಂ.ಎಚ್. ಕೃಷ್ಣ, 1947ರಲ್ಲಿ ಮಾರ್ಟಿಮರ್ ವೀಲರ್ ಇಲ್ಲಿ ಉತ್ಖನನ ನಡೆಸಿದರು.

ಈ ಸೀಮೆಯ ನಾಣ್ಯಗಳಲ್ಲಿ ಸೀಸದವು ವಿಶೇಷ. ಒಂದು ಬಗೆಯ ನಾಣ್ಯದ ಮುಂಬದಿಯಲ್ಲಿ ಹಿಣಿಲೆತ್ತಿ ನಿಂತ ಗೂಳಿ, ಸುತ್ತ ಬ್ರಾಹ್ಮಿ ಲಿಪಿಯಲ್ಲಿ ಸದಕಣ ಕಳಲಾಯ ಮಹಾರಠಿಯ ಹೆಸರು. ಹಿಂಬದಿಯಲ್ಲಿ ಕಟಕಟೆಯೊಳಗಿನ ಮರ, ಕಮಾನು ಕಮಾನಾಗಿ ಪೇರಿಸಿದ ಬೆಟ್ಟ. ಮಹಾರಠಿಗಳು ಶಾತವಾಹನರ ಕಾಲದ ಪ್ರಾಂತೀಯ ಅಧಿಪತಿಗಳು. ಬೆರಳ ತುದಿಯಗಲದ ಬಿಲ್ಲೆಯಲ್ಲಿ ಗೂಳಿಯ ಮೈಕಟ್ಟನ್ನು ಮೂಡಿಸಿದ ಅಚ್ಚುಗಾರನ ಕೈ ಪಳಗಿದ್ದು. ಸೀಸ 327 ಡಿಗ್ರಿ ಸೆಲ್ಸಿಯಸ್‌ಗೇ ಕರಗುವ ಮೆದು ಲೋಹವಾದ್ದರಿಂದ ಅಚ್ಚು ಸುಲಭವಾಗಿ ಮೂಡುತ್ತದೆ. ಅಷ್ಟೇ ಸುಲಭವಾಗಿ ಸವೆಯುತ್ತದೆ. ಮಣ್ಣಿನಲ್ಲಿ ಅದರ ಮೇಲೆ ಬಿಳಿಚು ಬೂದು ಪೊರೆ ಕಟ್ಟುತ್ತದೆ. ಅದನ್ನು ಕೆರೆದರೆ ಅಕ್ಷರವೂ ಹೋಗುತ್ತದೆ.

ರೋಮ್ ಚಕ್ರವರ್ತಿಗಳಾದ ಆಗಸ್ಟಸ್ ಮತ್ತು ಟೈಬೀರಿಯಸ್‌ರ ಬೆಳ್ಳಿಯ ದಿನಾರಿಯಸ್ ನಾಣ್ಯಗಳೂ ಇಲ್ಲಿ ಸಿಕ್ಕಿವೆ. ಟೈಬೀರಿಯಸ್ ಆಳಿದ್ದು ಕ್ರಿ.ಶ. 14ರಿಂದ 37ರವರೆಗೆ. ಇಂಥ ನಾಣ್ಯ ಇದ್ದ ಪದರ ಅದಕ್ಕಿಂತ ಹಳೆಯದಾಗಿರಲಾರದು ಎಂಬ ಲೆಕ್ಕದಿಂದ ಜೊತೆಯಲ್ಲಿ ಸಿಕ್ಕ ಮಡಕೆ ಚೂರು, ಮಣಿಗಳಿಗೂ ಕಾಲ ಗೊತ್ತಾಗುತ್ತದೆ. ಬೆಳ್ಳಿಯ ಬೆಲೆಗಿಂತ ಈ ಸಾಕ್ಷ್ಯದ ಬೆಲೆ ಎಷ್ಟೋ ಹೆಚ್ಚು. 

ನಿಧಿಯಾಸೆಯಿಂದ ಅಗೆದಾಗ ಕೆಡುವುದು ಪದರದ ಈ ಸಾಕ್ಷ್ಯವೇ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯಲ್ಲೂ ಪಾಳುಗುಡಿಯ ಗರ್ಭಗುಡಿ, ನಂದಿಯ ಪೀಠ, ವೀರಗಲ್ಲಿನ ಬುಡ ಅಗೆಯುವ ಪಿಡುಗು ಹಳೆಯದು. ಲೋಹಶೋಧಕ ಯಂತ್ರ ಲೋಹವಿದೆ ಎಂದಷ್ಟೇ ಹೇಳುತ್ತದೆ, ಪದರವನ್ನು ತೋರಿಸುವುದಿಲ್ಲ. ಸದ್ದು ಬಂದಲ್ಲಿ ಗುಂಡಿ ತೋಡಿದರೆ ಕಾಲದ ಕುರುಹು ಅಳಿದಂತೆ. ಸಂರಕ್ಷಿತ ನೆಲೆಗಳಲ್ಲಿ ಪರವಾನಗಿಯಿಲ್ಲದೆ ಅಗೆಯುವುದನ್ನು 1958ರ ಕೇಂದ್ರ ಕಾಯ್ದೆ ನಿಷೇಧಿಸುತ್ತದೆ. ನಿಧಿ ಸಿಕ್ಕರೆ ಏನು ಮಾಡಬೇಕೆಂದು 1962ರ ಕರ್ನಾಟಕ ನಿಧಿ ಕಾಯ್ದೆ ಹೇಳುತ್ತದೆ. ಉಳುವಾಗ ಹಳೆಯ ನಾಣ್ಯವೋ ಒಡವೆಯೋ ಸಿಕ್ಕರೆ ಉಜ್ಜದೆ, ತೊಳೆಯದೆ, ಸಿಕ್ಕ ಜಾಗವನ್ನು ಗುರುತಿಟ್ಟು ಜಿಲ್ಲಾಧಿಕಾರಿಗೆ ತಿಳಿಸಬೇಕು.