ಮಂಜರಾಬಾದ್ ಸೀಮೆಯ ಮುಲಾಮುಗಳು

ಜೂನ್ ಮೊದಲ್ಗೊಂಡು ಸೆಪ್ಟೆಂಬರಿನವರೆಗೆ ಮಳೆಯು ಎಡೆಬಿಡದೆ ಸುರಿದು, ಉಟ್ಟ ಬಟ್ಟೆ ಮೈಮೇಲೆಯೇ ನೆನೆದು ಮೈಮೇಲೆಯೇ ಆರಬೇಕಾದ ಸಕಲೇಶಪುರ, ಆಲೂರು ಸೀಮೆಯ ಬೆಟ್ಟಗಳಲ್ಲಿ ಚರ್ಮವ್ಯಾಧಿಯನ್ನು ಜನರು ವ್ಯಾಧಿಯೆಂದೆಣಿಸದೆ ಮಳೆಗಾಲದ ಧರ್ಮವೆಂದೇ ಸಹಿಸಿಕೊಂಡು ಬಂದರು. ಕಾಲ್ಬೆರಳ ಸಂದಿನ ಕೆಸರುಹುಣ್ಣಾಗಲಿ, ತೊಡೆಸಂದಿನ ಹುಳುಕಡ್ಡಿಯಾಗಲಿ, ಉಂಬಳ ಕಚ್ಚಿದಲ್ಲಿ ಕೆರೆದು ಕೀವಾದ ಗಾಯವಾಗಲಿ, ಹೊಂಗೆಯೆಣ್ಣೆ, ಬೇವಿನ ಕಷಾಯ, ಸೀಮೆ ಅಗಸೆಯ ಸೊಪ್ಪಿನ ರಸ ಇವುಗಳಿಂದಲೇ ಉಪಶಮನಗೊಳ್ಳಬೇಕಾಗಿತ್ತು.

ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ರಾಬರ್ಟ್ ಎಲಿಯಟ್ ಮೊದಲಾದ ದೊರೆಗಳು ಆಗ ಮಂಜರಾಬಾದ್ ಎನಿಸಿದ್ದ ಈ ಸೀಮೆಯಲ್ಲಿ ಕಾಫಿತೋಟಗಳನ್ನು ಹೂಡಿದ ತರುವಾಯ, ಕೂಲಿಗೆಂದು ಬಂದ ಸಂಸಾರಗಳು ಲೈನ್‌ಮನೆಗಳ ಇಕ್ಕಟ್ಟಿನಲ್ಲಿ ಒಂದೇ ಕಂಬಳಿ ಹಂಚಿಕೊಂಡು ಮಲಗುವಂತಾಯಿತು. ಕಜ್ಜಿಗೆ ಅದಕ್ಕಿಂತ ಅನುಕೂಲವಾದ ನೆಲೆ ಇನ್ನಾವುದು? ತೋಟದ ಮಾಲೀಕರು ಕಾರ್ಮಿಕರಿಗೆ ವೈದ್ಯಸೌಕರ್ಯವನ್ನು ಒದಗಿಸತಕ್ಕದ್ದೆಂದು ಕಾಯಿದೆಯಾದದ್ದು 1951ರಲ್ಲಿ.

ಅದಕ್ಕೆ ಹಿಂದಿನ ದಶಕಗಳ ಸರ್ಕಾರಿ ಡಿಸ್ಪೆನ್ಸರಿಗಳಲ್ಲಿ ಚರ್ಮಕ್ಕೆ ಹಚ್ಚುವ ಔಷಧಗಳು ಕೆಲವೇ ಕೆಲವು. ಕಜ್ಜಿಗೆ ಗಂಧಕದ ಮುಲಾಮು, ತರುವಾಯ ಬೆಂಜೈಲ್ ಬೆಂಜೋಯೇಟ್. ಹುಳುಕಡ್ಡಿಗೆ, ಆರು ಪಾಲು ಬೆಂಜೋಯಿಕ್ ಆಮ್ಲವನ್ನೂ ಮೂರು ಪಾಲು ಸ್ಯಾಲಿಸಿಲಿಕ್ ಆಮ್ಲವನ್ನೂ ಬೆರೆಸಿದ ವಿಟ್‌ಫೀಲ್ಡ್ ಮುಲಾಮು. ಕಾಂಪೌಂಡರನು ಅದನ್ನು ಅಳೆದು ಅರೆದು ಡಬ್ಬಿಗೆ ತುಂಬಿ, ಕಜ್ಜಿಯಾದರೆ ಮನೆಮಂದಿಯೆಲ್ಲ ಒಂದೇ ದಿನ ಕತ್ತಿನಿಂದ ಕಾಲಿನವರೆಗೆ ಹಚ್ಚಿಕೊಂಡು ಬಟ್ಟೆಯನ್ನು ಕುದಿಸಬೇಕೆಂದು ಹೇಳಿ ಕಳುಹಿಸುವುದೇ ಸರಿಯಾದ ಕ್ರಮವಾಗಿತ್ತು. ಉರಿ, ಅಂಟು, ದುರ್ವಾಸನೆ ಎಲ್ಲವೂ ಇದ್ದವು. ಆದರೆ ಇಂಥ ರೋಗಕ್ಕೆ ಇಂಥದೇ ಔಷಧವೆಂಬ ವಿವೇಕವೂ ಇತ್ತು. ಹಳೆಯದೆಲ್ಲ ಪುನೀತವೆಂದು ನಾನು ಹೇಳುತ್ತಿಲ್ಲ. ಪಾದರಸದ ಮುಲಾಮುಗಳೂ ಆ ಕಾಲದವೇ; ಸಲ್ಫೋನ್ ಗುಳಿಗೆಗಳು ಬರುವವರೆಗೂ ಕುಷ್ಠರೋಗಿಯು, ಈ ಘಟ್ಟದ ಕಾಡುಗಳಲ್ಲಿಯೇ ಬೆಳೆಯುವ ಗರುಡಫಲದ ಎಣ್ಣೆಯ ಚುಚ್ಚುಮದ್ದನ್ನು ಅಲ್ಪ ಫಲಕ್ಕಾಗಿ ಅತಿಯಾದ ನೋವಿನಿಂದ ಸಹಿಸಬೇಕಾಗಿತ್ತು.

1952ರಲ್ಲಿ ಹೈಡ್ರೋಕಾರ್ಟಿಸೋನ್ ಲೇಪನವು ಇಸಬಿನ ಚಿಕಿತ್ಸೆಗೆ ಬಂದುದು ನಿಸ್ಸಂದೇಹವಾಗಿ ಮಹೋಪಕಾರ. ಕೇಡು ಹುಟ್ಟಿದ್ದು ಅದರಿಂದಲ್ಲ. ಪ್ರಬಲವಾದ ಸ್ಟೀರಾಯ್ಡನ್ನೂ ಶಿಲೀಂಧ್ರನಾಶಕವನ್ನೂ ಪ್ರತಿಜೀವಕವನ್ನೂ ಒಂದೇ ಟ್ಯೂಬಿನಲ್ಲಿ ಸೇರಿಸಿ, ರೋಗವಾವುದೆಂದು ತಿಳಿಯುವ ಶ್ರಮವೇ ಬೇಡವೆಂಬಂತೆ ಮಾರಿದ್ದರಿಂದ. ಎರಡೇ ದಿನದಲ್ಲಿ ತುರಿಕೆ ಅಡಗುತ್ತದೆ, ಕೆಂಪು ಮಾಸುತ್ತದೆ. ಚರ್ಮದ ಪ್ರತಿರೋಧವೇ ಅಡಗಿರುವುದರಿಂದ ಹುಳುಕಡ್ಡಿಯು ಒಳಗೊಳಗೇ ಹಬ್ಬಿ, ಲೇಪನ ನಿಲ್ಲಿಸಿದೊಡನೆ ಇಮ್ಮಡಿಯಾಗಿ ಮರಳುತ್ತದೆ. ಬೆಟ್ಟದಿಂದಿಳಿದು ಆಸ್ಪತ್ರೆಗೆ ಬರುವುದೆಂದರೆ ಒಂದು ದಿನದ ಕೂಲಿ ಹೋಯಿತೆಂದೇ ಲೆಕ್ಕ. ಸಂತೆಯ ದಿನ ಅಂಗಡಿಯಲ್ಲಿ ಕೇಳಿ ಟ್ಯೂಬು ಕೊಂಡವನನ್ನು ಹೇಗೆ ಹಳಿಯೋಣ?

ವಿಶ್ವ ಆರೋಗ್ಯ ಸಂಸ್ಥೆಯು 1977ರಲ್ಲಿ ಅವಶ್ಯಕ ಔಷಧಗಳ ಮೊದಲ ಪಟ್ಟಿಯನ್ನು ಪ್ರಕಟಿಸಿತು. 1985ರ ನೈರೋಬಿ ಸಮ್ಮೇಳನವು ಔಷಧಗಳ ವಿವೇಚನಾಯುಕ್ತ ಬಳಕೆಯನ್ನೇ ಚರ್ಚಿಸಿತು. ಆದರೂ ನಮ್ಮಲ್ಲಿ ಲೇಪನರೂಪದ 14 ಸ್ಟೀರಾಯ್ಡುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಕೇಂದ್ರ ಸರ್ಕಾರವು ಆಜ್ಞೆ ಹೊರಡಿಸಲು 2018 ಬರಬೇಕಾಯಿತು. 2006ರಲ್ಲಿ ಹಾಸನದಲ್ಲಿ ವೈದ್ಯಕೀಯ ಕಾಲೇಜು ಆರಂಭವಾದ ಮೇಲೆ ಚರ್ಮವೈದ್ಯರ ಸಮಾಲೋಚನೆಯು ಈ ಸೀಮೆಗೆ ಹತ್ತಿರವಾಗಿದೆ. ಅಲ್ಲಿಗೆ ಹೋಗುವ ಮಲೆನಾಡಿನ ಓದುಗರಲ್ಲಿ ಒಂದು ಬಿನ್ನಹ: ಈವರೆಗೆ ಹಚ್ಚಿಕೊಂಡ ಟ್ಯೂಬು ಬರಿದಾಗಿದ್ದರೂ ಎಸೆಯದೆ ಜೊತೆಗೊಯ್ದು, ವೈದ್ಯರ ಮೇಜಿನ ಮೇಲಿಡಿ.