ಬ್ರಿಸ್ಕೋ ಫೀಲ್ಡ್‌ಗೆ ಬಾರದ ವಿಮಾನ, ಹುಬ್ಬಳ್ಳಿಗೆ ಬಂದ ವಿಮಾನ

ಲಾರೆನ್ಸ್‌ವಿಲ್‌ನಲ್ಲಿ ನಮ್ಮ ಗ್ವಿನೆಟ್ ಕೌಂಟಿಯದೇ ಒಂದು ವಿಮಾನ ನಿಲ್ದಾಣವಿದೆ: ಬ್ರಿಸ್ಕೋ ಫೀಲ್ಡ್. ರನ್‌ವೇ 6,000 ಅಡಿ ಉದ್ದ. ಆದರೂ ಊರಿಗೆ ಹೊರಟವರನ್ನು ಬೀಳ್ಕೊಡಲು ನಾವೆಲ್ಲ ಅಟ್ಲಾಂಟಾ ದಾಟಿ ಹಾರ್ಟ್ಸ್‌ಫೀಲ್ಡ್-ಜಾಕ್ಸನ್‌ಗೇ ಹೋಗುತ್ತೇವೆ.

2010ರ ಸುಮಾರಿಗೆ ಪ್ರೊಪೆಲರ್ ಇನ್ವೆಸ್ಟ್‌ಮೆಂಟ್ಸ್ ಎಂಬ ಕಂಪನಿ ಬ್ರಿಸ್ಕೋವನ್ನು ವಹಿಸಿಕೊಂಡು ಪ್ರಯಾಣಿಕ ಜೆಟ್‌ಗಳನ್ನು ತರುವ ಯೋಜನೆ ಮುಂದಿಟ್ಟಿತು. ಸದ್ದು, ಟ್ರಾಫಿಕ್, ಮನೆಗಳ ಬೆಲೆ ಎಂದು ಸುತ್ತಲಿನವರು ವಿರೋಧಿಸಿದರು. 2012ರ ಜೂನ್‌ನಲ್ಲಿ ಕೌಂಟಿ ಅದನ್ನು ಕೈಬಿಟ್ಟಿತು. ಆ ವಿರೋಧವನ್ನು ನಾನು ಹಗುರವಾಗಿ ಕಾಣುವುದಿಲ್ಲ. ನಿದ್ದೆಗೆಟ್ಟವರ ಬಿ.ಪಿ. ನೋಡುತ್ತ ವೃತ್ತಿ ಕಳೆದವನು ನಾನು.

ವಿಮಾನ ಕಂಪನಿ ಒಂದು ಊರಿಗೆ ಬರುವುದು ರನ್‌ವೇ ನೋಡಿ ಅಲ್ಲ. 1978ರಲ್ಲಿ ಅಮೆರಿಕ ಸರ್ಕಾರ ಮಾರ್ಗ, ದರಗಳ ಮೇಲಿನ ಹಿಡಿತ ಬಿಟ್ಟ ಮೇಲೆ ಸಣ್ಣ ಊರುಗಳೇ ಕಂಪನಿಗಳ ಬಾಗಿಲಿಗೆ ಹೋಗಬೇಕಾಯಿತು. ನಮ್ಮೂರಿನ ಎಷ್ಟು ಜನ ಕಾರಿನಲ್ಲಿ ಬೇರೆ ನಿಲ್ದಾಣಕ್ಕೆ ಸೋರಿ ಹೋಗುತ್ತಿದ್ದಾರೆ ಎಂಬ ಲೆಕ್ಕವೇ ಅವರ ಮುಖ್ಯ ದಾಖಲೆ. ನಿಲ್ದಾಣವು ತನ್ನ ಆದಾಯದಿಂದ ಕಂಪನಿಗೆ ನೇರವಾಗಿ ಹಣ ಕೊಡುವಂತಿಲ್ಲ. ಹೊಸ ಮಾರ್ಗಕ್ಕೆ ಸ್ವಲ್ಪ ಕಾಲ ಶುಲ್ಕ ಬಿಡಬಹುದು, ಅಷ್ಟೇ. ಆದ್ದರಿಂದ ಕಾನ್ಸಾಸ್‌ನ ವಿಚಿಟಾದಂಥ ಊರು 2002ರಲ್ಲಿ ಏರ್‌ಟ್ರಾನ್‌ಗೆ ನಷ್ಟವಾದರೆ ತಾವು ತುಂಬಿಕೊಡುವುದಾಗಿ ಮಾತು ಕೊಟ್ಟು ಕರೆತಂದಿತು. ನಮಗೆ ಹತ್ತಿರದ ಗ್ರೀನ್‌ವಿಲ್-ಸ್ಪಾರ್ಟನ್‌ಬರ್ಗ್‌ನವರು ಅಟ್ಲಾಂಟಾ, ಷಾರ್ಲಟ್‌ಗೆ ಓಡುತ್ತಿದ್ದರು. 2011ರ ಮಾರ್ಚ್‌ನಲ್ಲಿ ಸೌತ್‌ವೆಸ್ಟ್ ಅಲ್ಲಿಗೇ ಬಂತು. ಬಿಎಂಡಬ್ಲ್ಯು ಕಾರ್ಖಾನೆ ಪಕ್ಕದಲ್ಲಿರುವ ಊರಿಗೆ ಗಿರಾಕಿಗಳ ಕೊರತೆಯೇ?

ಇನ್ನು ನಾನು ವೈದ್ಯಕೀಯ ಓದಿದ ಹುಬ್ಬಳ್ಳಿ. ನಮ್ಮ ಕಾಲದಲ್ಲಿ ಬೆಂಗಳೂರೆಂದರೆ ರಾತ್ರಿಯ ರೈಲು. 2003ರಲ್ಲಿ ಕ್ಯಾಪ್ಟನ್ ಗೋಪಿನಾಥರ ಏರ್ ಡೆಕ್ಕನ್ ಶುರುವಾದಾಗ ಅದರ ಮೊದಮೊದಲ ಮಾರ್ಗಗಳಲ್ಲಿ ಹುಬ್ಬಳ್ಳಿಯೂ ಇತ್ತು. ಮುಂದೆ ಅದು ಕಿಂಗ್‌ಫಿಷರ್‌ನಲ್ಲಿ ಸೇರಿಹೋಯಿತು, 2012ರಲ್ಲಿ ಕಿಂಗ್‌ಫಿಷರೇ ನಿಂತುಹೋಯಿತು. ಒಂದೇ ಕಂಪನಿಯನ್ನು ನಂಬಿದ ಊರಿನ ಪಾಡು ಅದು.

ಮತ್ತೆ ಜೀವ ಬಂದದ್ದು ರನ್‌ವೇ ಉದ್ದವಾಗಿ, 2017ರ ಡಿಸೆಂಬರ್‌ನಲ್ಲಿ ಹೊಸ ಟರ್ಮಿನಲ್ ತೆರೆದ ಮೇಲೆ. 2018ರಲ್ಲಿ ಇಂಡಿಗೋ ಬಂತು. ಹಿಂದೆ ಕೇಂದ್ರದ ಉಡಾನ್ ಯೋಜನೆಯ ಬಲವಿತ್ತು: ಅರ್ಧದಷ್ಟು ಸೀಟುಗಳಿಗೆ ದರದ ಮಿತಿ, ಸುಮಾರು ಒಂದು ಗಂಟೆಯ ಹಾರಾಟಕ್ಕೆ 2,500 ರೂಪಾಯಿ, ಅದರಿಂದಾಗುವ ಕೊರತೆಗೆ ಮೂರು ವರ್ಷ ಸರ್ಕಾರದ ನೆರವು, ಇಂಧನದ ಮೇಲೆ ರಾಜ್ಯದ ತೆರಿಗೆ ಕೇವಲ ಶೇ. 1. ಅಮೆರಿಕದಲ್ಲಿ ಊರಿನವರು ಹೊರುವ ಭಾರವನ್ನು ಅಲ್ಲಿ ದೊಡ್ಡ ಮಾರ್ಗಗಳ ಪ್ರಯಾಣಿಕರು ಹೊರುತ್ತಾರೆ.

ಮೂರು ವರ್ಷದ ಆಮೇಲೆ? 2023ರ ಸಿಎಜಿ ವರದಿ ಖಾರವಾಗಿದೆ. ಹಂಚಿದ 774 ಮಾರ್ಗಗಳಲ್ಲಿ 403 ಶುರುವೇ ಆಗಲಿಲ್ಲ. ಮೂರು ವರ್ಷ ಪೂರೈಸಿದವು 112. ಅದರಾಚೆಗೂ ಉಳಿದವು 54. ಸಲೈನ್ ತೆಗೆದ ಮೇಲೂ ಎದ್ದು ಓಡಾಡುವ ರೋಗಿಗಳು ಇಷ್ಟೇ. ಹುಬ್ಬಳ್ಳಿಗೆ ವ್ಯಾಪಾರವಿದೆ, ಧಾರವಾಡದ ಹೈಕೋರ್ಟ್ ಪೀಠವಿದೆ, ಬೆಂಗಳೂರು ದೂರವಿದೆ.

ಮೈಸೂರಿಗೆ ದೂರದ ಆ ಅನುಕೂಲವಿಲ್ಲ. ಮಂಡಕಳ್ಳಿಯಲ್ಲಿ 2010ರಲ್ಲಿ ಕಿಂಗ್‌ಫಿಷರ್ ಹಾರಾಟ ಶುರುವಾಗಿ ಮರುವರ್ಷವೇ ನಿಂತಿತು. ಈಗಲೂ ರನ್‌ವೇ ಚಿಕ್ಕದು, ಎಟಿಆರ್‌ಗಷ್ಟೇ ಸಾಲುತ್ತದೆ. ಎಕ್ಸ್‌ಪ್ರೆಸ್‌ವೇಯಲ್ಲಿ ಬೆಂಗಳೂರು ಇನ್ನೂ ಹತ್ತಿರವಾಯಿತು. ಈ ಲೆಕ್ಕದಲ್ಲಿ ನಮ್ಮ ಲಾರೆನ್ಸ್‌ವಿಲ್ ಮೈಸೂರಿನ ಜೊತೆಯದು, ಹುಬ್ಬಳ್ಳಿಯ ಜೊತೆಯದಲ್ಲ.