ಒಲ್ಲೆನೆಂಬ ವಿನಯ

ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಶರಣ ಆಯ್ದಕ್ಕಿ ಮಾರಯ್ಯನವರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಪತ್ನಿ ಲಕ್ಕಮ್ಮನವರು ಹೇಳಿದ ಪ್ರಸಂಗವು ಸದ್ಭಕ್ತರೆಲ್ಲರಿಗೂ ತಿಳಿದದ್ದೇ. ಆ ತಾಯಿ ಅಕ್ಕಿಯನ್ನು ಹೀಗಳೆಯಲಿಲ್ಲ, ಬಸವಣ್ಣನವರ ಮನೆಯನ್ನೂ ಹೀಗಳೆಯಲಿಲ್ಲ. ತಮಗೆ ಎಷ್ಟು ಸಾಕೆಂಬುದನ್ನು ಬಲ್ಲವರಾಗಿದ್ದರು. ಸಾಕೆಂಬ ಅರಿವುಳ್ಳವರಿಗೆ ಬೇಡವೆನ್ನಲು ಕಟುನುಡಿಯ ಅಗತ್ಯವಿರುವುದಿಲ್ಲ. ಇದಕ್ಕೆ ಯುರೋಪಿನ ಇತಿಹಾಸದಲ್ಲಿಯೂ ಒಂದು ನಿದರ್ಶನವುಂಟು.

ದಾರ್ಶನಿಕ ಸ್ಪಿನೋಜಾ 1632ರಲ್ಲಿ ಹಾಲೆಂಡಿನ ಆಮ್‌ಸ್ಟರ್‌ಡ್ಯಾಂ ನಗರದ ಯೆಹೂದ್ಯ ವರ್ತಕರ ಮನೆಯಲ್ಲಿ ಜನಿಸಿದನು. ವಿಚಾರಭೇದದ ನಿಮಿತ್ತ 1656ರಲ್ಲಿ ತನ್ನ ಸಮುದಾಯದಿಂದ ಬಹಿಷ್ಕೃತನಾದನು. ಅನಂತರ ಗಾಜಿನ ಮಸೂರಗಳನ್ನು ಉಜ್ಜಿ ನಯಗೊಳಿಸುವ ಕಸುಬನ್ನು ಕೈಗೊಂಡು, ಅದರೊಡನೆ ತತ್ತ್ವಚಿಂತನೆಯನ್ನೂ ನಡೆಸಿದನು. 1670ರಲ್ಲಿ ತನ್ನ ಹೆಸರನ್ನು ಹಾಕದೆ ಪ್ರಕಟಿಸಿದ ಗ್ರಂಥದಲ್ಲಿ ವಿಚಾರಸ್ವಾತಂತ್ರ್ಯವನ್ನು ಪ್ರತಿಪಾದಿಸಿ ಧರ್ಮಾಧಿಕಾರಿಗಳ ಕೋಪಕ್ಕೆ ಗುರಿಯಾದನು.

ಇಂತಹವನಿಗೆ 1673ರ ಫೆಬ್ರುವರಿಯಲ್ಲಿ ಜರ್ಮನಿಯಿಂದ ಒಂದು ಪತ್ರ ಬಂದಿತು. ಪ್ಯಾಲಟಿನೇಟ್ ಸಂಸ್ಥಾನದ ದೊರೆ ಕಾರ್ಲ್ ಲುಡ್ವಿಗ್‌ನ ಅಪ್ಪಣೆಯಂತೆ ಅದನ್ನು ಬರೆದವನು ಪ್ರಾಧ್ಯಾಪಕ ಫ್ಯಾಬ್ರಿಷಿಯಸ್. 1386ರಲ್ಲಿ ಸ್ಥಾಪನೆಯಾದ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕ ಪದವಿ, ಅದಕ್ಕೆ ತಕ್ಕ ವಾರ್ಷಿಕ ವೇತನ, ಚಿಂತನೆಗೆ ಸಂಪೂರ್ಣ ಸ್ವಾತಂತ್ರ್ಯ! ಜೊತೆಗೊಂದು ಸಣ್ಣ ಮಾತು: ರಾಜ್ಯದಲ್ಲಿ ನೆಲೆಗೊಂಡ ಧರ್ಮವನ್ನು ಕದಡಲು ಆ ಸ್ವಾತಂತ್ರ್ಯವನ್ನು ಬಳಸಲಾರಿರೆಂದು ದೊರೆಯು ನಂಬಿದ್ದಾನೆ.

ಸ್ಪಿನೋಜಾ ಆರು ವಾರಗಳ ಕಾಲ ಯೋಚಿಸಿ ಮಾರ್ಚ್ 30ರಂದು ಉತ್ತರಿಸಿದನು. ತಾನು ಎಂದಾದರೂ ಅಧ್ಯಾಪಕ ಪದವಿಯನ್ನು ಬಯಸಿದ್ದರೆ ಇದನ್ನಲ್ಲದೆ ಬೇರೊಂದನ್ನು ಬಯಸುತ್ತಿರಲಿಲ್ಲವೆಂದು ಮೊದಲು ದೊರೆಯನ್ನು ಗೌರವಿಸಿದನು. ಆಮೇಲೆ ಎರಡು ಕಾರಣಗಳನ್ನು ನಿವೇದಿಸಿದನು. ಬೋಧನೆಗೆ ಸಮಯ ಕೊಟ್ಟರೆ ತನ್ನ ತತ್ತ್ವಾನ್ವೇಷಣೆಯು ನಿಲ್ಲುವುದು ಎಂಬುದೊಂದು. ಧರ್ಮವನ್ನು ಕದಡಿದವನೆಂಬ ಅಪವಾದ ಬಾರದಿರಲು ಸ್ವಾತಂತ್ರ್ಯದ ಎಲ್ಲೆ ಎಲ್ಲಿರಬೇಕೆಂಬುದು ತನಗೆ ತಿಳಿಯದು ಎಂಬುದು ಇನ್ನೊಂದು. ಹೆಚ್ಚಿನ ಭಾಗ್ಯದ ಆಸೆಯಿಂದಲ್ಲ, ಶಾಂತಿಯ ಮೇಲಣ ಪ್ರೀತಿಯಿಂದ ಹಿಂಜರಿಯುತ್ತಿರುವೆನೆಂದು ಅರಿಕೆ ಮಾಡಿಕೊಂಡನು. ಪತ್ರದಲ್ಲಿ ದೊರೆಯ ಮನಸ್ಸನ್ನು ನೋಯಿಸುವ ಒಂದು ಮಾತೂ ಇಲ್ಲ.

ಈ ನಿರಾಕರಣೆಯ ಬೇರು ಆತನ ಬದುಕಿನಲ್ಲಿಯೇ ಇತ್ತು. ಹಿಂದೆ ಗೆಳೆಯನ ಮನೆಯವರು ವರ್ಷಕ್ಕೆ 500 ಗಿಲ್ಡರ್ ಕೊಡಲು ಮುಂದಾದಾಗ, ತನಗೆ 300 ಸಾಕೆಂದು ಹೇಳಿ ಅಷ್ಟನ್ನೇ ಸ್ವೀಕರಿಸಿದನೆಂದು ಜೀವನಚರಿತ್ರಕಾರ ಕೊಲೆರಸ್ ಬರೆದಿದ್ದಾನೆ. ಲಕ್ಕಮ್ಮನವರ ಅಕ್ಕಿಯ ಲೆಕ್ಕವೂ ಇದೇ ಅಲ್ಲವೇ? ಪದವಿಯನ್ನು ಒಲ್ಲದೆ ಉಳಿಸಿಕೊಂಡ ಸಮಯದಲ್ಲಿ, 1675ರ ಹೊತ್ತಿಗೆ, ಆತನ ಮಹಾಗ್ರಂಥ ‘ಎಥಿಕ್ಸ್’ ಪೂರ್ಣಗೊಂಡಿತು. 1677ರ ಫೆಬ್ರುವರಿಯಲ್ಲಿ, 44ನೆಯ ವಯಸ್ಸಿನಲ್ಲಿ ಆತನು ತೀರಿಕೊಂಡನು. ಆ ಗ್ರಂಥವು ಅದೇ ವರ್ಷ ಬೆಳಕು ಕಂಡಿತು.

ಹಾಗೆಂದು ಪದವಿಯೇ ತ್ಯಾಜ್ಯವೆಂದು ತಿಳಿಯಬಾರದು. ಬಸವಣ್ಣನವರು ಬಿಜ್ಜಳನ ಭಂಡಾರದ ಹೊಣೆಯನ್ನು ಹೊತ್ತರು; ಹೊತ್ತು ಅದನ್ನೇ ಕಾಯಕವಾಗಿಸಿ ದಾಸೋಹವನ್ನು ನಡೆಸಿದರು. ಒಪ್ಪಿದವರೂ ಒಲ್ಲೆನೆಂದವರೂ ತೂಗಿ ನೋಡಿದ್ದು ಕಾಯಕವನ್ನೇ. ನಮಗಾಗಲಿ ನಮ್ಮ ಮಕ್ಕಳಿಗಾಗಲಿ ದೊಡ್ಡ ವೇತನದ ಕರೆ ಬಂದಾಗ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಎರಡು: ಇದರಿಂದ ನನ್ನ ಕಾಯಕವು ಬೆಳೆಯುವುದೋ, ಕುಗ್ಗುವುದೋ? ನನಗೆ ಎಷ್ಟು ಸಾಕು? ಕುಗ್ಗುವುದೆಂದು ಕಂಡುಬಂದರೆ, ಕರೆದವರ ಗೌರವಕ್ಕೆ ಕುಂದು ಬಾರದಂತೆ ಕೈಮುಗಿದು ಒಲ್ಲೆನೆನ್ನುವುದೂ ಶರಣಧರ್ಮವೇ.